ಕೆನ್ಯಾ–ಉಗಾಂಡಾ ವ್ಯಾಪಾರ: ಗಡಿಯಲ್ಲಿ ಲಾರಿ ನಿಂತರೆ ನಷ್ಟ ಯಾರ ತಲೆಗೆ?

ಕಂಪಾಲಾ_ಗೋದಾಮು

ಎಲ್ಲರಿಗೂ ನಮಸ್ಕಾರ. ನನ್ನ ಊರು ರಾಣೆಬೆನ್ನೂರು ಕಡೆ. ಈಗ ಉಗಾಂಡಾದ ಕಂಪಾಲಾದಲ್ಲಿ ಒಂದು ಧಾನ್ಯದ ಗೋದಾಮಿನ ಲೆಕ್ಕ ನೋಡಿಕೊಳ್ಳುತ್ತೇನೆ. ರಜೆಗೆ ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಅಲ್ಲಿನ ದೇಶಗಳು ತಮ್ಮತಮ್ಮಲ್ಲಿ ಏನು ವ್ಯಾಪಾರ ಮಾಡ್ತಾವೆ? ಎಲ್ಲ ಚೀನಾದಿಂದ ಬರೋದಲ್ವಾ?" ಇದಕ್ಕೆ ಸರಿಯಾಗಿ ಉತ್ತರ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಕೆನ್ಯಾದ ರಫ್ತಿನ ಪಟ್ಟಿ ತೆಗೆದರೆ, ದೇಶವಾರು ಲೆಕ್ಕದಲ್ಲಿ ಹೆಚ್ಚಿನ ವರ್ಷ ಮೊದಲ ಹೆಸರು ಉಗಾಂಡಾದ್ದೇ. ಕಬ್ಬಿಣದ ತಗಡು, ಸೋಪು, ಉಪ್ಪು, ಅಡುಗೆ ಎಣ್ಣೆ, ಔಷಧಿ, ಪ್ಲಾಸ್ಟಿಕ್ ಸಾಮಾನು ಆ ಕಡೆಯಿಂದ ಬರುತ್ತವೆ. ಈ ಕಡೆಯಿಂದ ಮೆಕ್ಕೆಜೋಳ, ಬೀನ್ಸ್ ಕಾಳು, ಹಾಲು, ಸಕ್ಕರೆ, ಬಾಳೆಕಾಯಿ, ಅನಾನಸ್, ಮೀನು ಹೋಗುತ್ತವೆ. ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಹೊಲ ಅಂದುಕೊಳ್ಳಿ. ಪೂರ್ತಿ ಹಾಗಲ್ಲ, ಉಗಾಂಡಾದಲ್ಲೂ ಈಗ ಕಾರ್ಖಾನೆಗಳಿವೆ. ಆದರೆ ಲಾರಿಗಳನ್ನು ನೋಡಿದರೆ ಹಾಗೆ ಕಾಣುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. 2021ರ ಮಾರ್ಚ್ 5, ಶುಕ್ರವಾರ. ಉಗಾಂಡಾ ಮತ್ತು ಟಾಂಜಾನಿಯಾದ ಮೆಕ್ಕೆಜೋಳವನ್ನು ಒಳಗೆ ಬಿಡಬೇಡಿ ಅಂತ ಕೆನ್ಯಾದ ಕೃಷಿ ಮತ್ತು ಆಹಾರ ಪ್ರಾಧಿಕಾರ ಕಸ್ಟಮ್ಸ್‌ಗೆ ಪತ್ರ ಬರೆಯಿತು. ಕಾಳಿನಲ್ಲಿ ಬೂಷ್ಟಿನ ವಿಷ ಜಾಸ್ತಿ ಇದೆ ಅನ್ನೋದು ಕಾರಣ. ಪತ್ರ ಬಂದ ಹೊತ್ತಿಗೆ ನಮ್ಮ ಮೂರು ಲಾರಿ ಮಲಾಬಾ ಗಡಿಯ ದಾರಿಯಲ್ಲಿದ್ದವು. ಒಂದೊಂದರಲ್ಲೂ ಸುಮಾರು 28 ಟನ್. ಡ್ರೈವರ್ ಫೋನ್ ಮಾಡಿ, "ಮುಂದೆ ಯಾವುದೂ ಕದಲ್ತಾ ಇಲ್ಲ ಬಾಸ್" ಅಂದ.

ನಾನು ಭಾನುವಾರ ಗಡಿಗೆ ಹೋದೆ. ಮಳೆಗಾಲ ಶುರುವಾಗುವ ಹೊತ್ತು. ಸಂಜೆ ಒಂದು ಜೋರು ಮಳೆ ಹೊಡೆಯಿತು. ನಮ್ಮ ಎರಡನೇ ಲಾರಿಯ ತಾರ್ಪಾಲು ಒಂದು ಮೂಲೆಯಲ್ಲಿ ಹರಿದಿತ್ತು. ಮರುದಿನ ಬೆಳಿಗ್ಗೆ ಆ ಮೂಲೆಯ ಚೀಲಕ್ಕೆ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಮೆಕ್ಕೆಜೋಳ ಬೆಳೆದವರಿಗೆ ಗೊತ್ತು, ಚೀಲ ಬೆಚ್ಚಗಾದರೆ ಏನು ಅರ್ಥ ಅಂತ. ವಿಷ ಇದೆ ಅಂತ ನಿಲ್ಲಿಸಿದ ಕಾಳು, ನಿಲ್ಲಿಸಿದ್ದರಿಂದಲೇ ಹಾಳಾಗತೊಡಗಿತ್ತು.

ಐದೇ ದಿನದಲ್ಲಿ ಷರತ್ತು ಹಾಕಿ ನಿಷೇಧ ತೆಗೆದರು. ಆಮದು ಮಾಡುವವರು ನೋಂದಣಿ ಮಾಡಿಸಬೇಕು, ವಿಷದ ಪ್ರಮಾಣ ಶತಕೋಟಿಗೆ 10 ಭಾಗದೊಳಗೆ ಇದೆ ಅನ್ನುವ ಪ್ರಮಾಣಪತ್ರ ಬೇಕು. ಆ ಕಾಗದ ಹೊಂದಿಸುವ ಹೊತ್ತಿಗೆ ಇನ್ನೂ ಎಷ್ಟೋ ದಿನ ಹೋಯಿತು. ಲಾರಿ ಬಾಡಿಗೆ, ಡ್ರೈವರ್ ಊಟ, ಕೆಟ್ಟ ಚೀಲ ಎಲ್ಲ ವ್ಯಾಪಾರಿಯ ಲೆಕ್ಕಕ್ಕೆ. ವ್ಯಾಪಾರಿ ಅದನ್ನು ರೈತನ ಲೆಕ್ಕಕ್ಕೆ ತಳ್ಳಿದ. ಆ ವಾರ ಹಳ್ಳಿಗಳಲ್ಲಿ ಖರೀದಿ ದರ ಬಿದ್ದದ್ದನ್ನು ನಾನೇ ನಮ್ಮ ಪುಸ್ತಕದಲ್ಲಿ ಬರೆದೆ.

ಎರಡು ದೇಶದ ನಡುವೆ ಸುಂಕ ಇಲ್ಲ, ಒಪ್ಪಂದ ಇದೆ. ಒಂದು ಪತ್ರಕ್ಕೆ ಎಲ್ಲ ನಿಲ್ಲುತ್ತದೆ ಅಂದರೆ ಆ ಒಪ್ಪಂದಕ್ಕೆ ಏನು ಬೆಲೆ? ಈ ಕಡೆ ಇರುವವರು, ತಿಳಿದವರು ಹೇಳಿ.

ದಾವಣಗೆರೆ_ರೈತ

ಅಣ್ಣಾ, ಓದಿ ಹೊಟ್ಟೆ ಉರಿಯಿತು. ನಾವೂ ಮೆಕ್ಕೆಜೋಳ ಬೆಳೆಯುವವರೇ. ರಾಶಿ ರಸ್ತೆ ಮೇಲೆ ಹರಡಿದಾಗ ಮೋಡ ಕಟ್ಟಿದರೆ ಏನಾಗುತ್ತೆ ಅಂತ ಗೊತ್ತು. ಒಂದು ಮಾತು ಅರ್ಥ ಆಗಲಿಲ್ಲ. ಕೆನ್ಯಾ ದೊಡ್ಡ ದೇಶ, ಅಲ್ಲೂ ಬೆಳೆಯುತ್ತಾರೆ. ಮತ್ತೆ ಉಗಾಂಡಾದಿಂದ ಯಾಕೆ ಬೇಕು?

ಕಂಪಾಲಾ_ಗೋದಾಮು

ಬೆಳೆಯುತ್ತಾರೆ ತಮ್ಮಾ, ಸಾಲೋದಿಲ್ಲ. ಕೆನ್ಯಾದಲ್ಲಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಅಂದರೆ ನಮ್ಮ ಮುದ್ದೆ ಇದ್ದಂತೆ. ಅದಿಲ್ಲದೆ ಊಟ ಆಗೋದಿಲ್ಲ. ಉಗಾಂಡಾದಲ್ಲಿ ಹಾಗಲ್ಲ. ಇಲ್ಲಿ ಬಾಳೆಕಾಯಿಯ ಮಟೋಕೆ, ಮರಗೆಣಸು, ಗೆಣಸು ಬೇಕಾದಷ್ಟಿವೆ. ಇಲ್ಲಿನವರು ಮೆಕ್ಕೆಜೋಳವನ್ನು ಬಹುಪಾಲು ಮಾರಲಿಕ್ಕೇ ಬೆಳೆಯುತ್ತಾರೆ.

ಇನ್ನೊಂದು, ಹಂಗಾಮು. ಕೆನ್ಯಾದ ದೊಡ್ಡ ಬೆಳೆ ಟ್ರಾನ್ಸ್ ನ್ಜೋಯಾ, ಉವಾಸಿನ್ ಗಿಶು ಕಡೆಯದು. ಅದು ಕೊಯ್ಲಿಗೆ ಬರೋದು ಅಕ್ಟೋಬರ್ ಮೇಲೆ. ಉಗಾಂಡಾದ ಹೆಚ್ಚಿನ ಕಡೆ ವರ್ಷಕ್ಕೆ ಎರಡು ಮಳೆ, ಎರಡು ಬೆಳೆ. ಮೊದಲ ಬೆಳೆ ಜೂನ್‌ನಿಂದ ಆಗಸ್ಟ್ ಒಳಗೆ ಕೈಗೆ ಬರುತ್ತದೆ. ಅಂದರೆ ಕೆನ್ಯಾದ ಕಣಜ ಬರಿದಾದ ತಿಂಗಳಿಗೆ ಸರಿಯಾಗಿ ಇಲ್ಲಿನ ಲಾರಿ ಹೊರಡುತ್ತದೆ. ಆ ತಿಂಗಳಲ್ಲಿ ನೈರೋಬಿಯ ಬಡವರ ಬಡಾವಣೆಯಲ್ಲಿ ಗೊರೊಗೊರೊ ಲೆಕ್ಕದಲ್ಲಿ ಕಾಳು ಕೊಳ್ಳುವವರು ತಿನ್ನೋದರಲ್ಲಿ ಉಗಾಂಡಾದ ಪಾಲು ದೊಡ್ಡದು. ಗೊರೊಗೊರೊ ಅಂದರೆ ಎರಡು ಕೆಜಿ ಹಿಡಿಯುವ ತಗಡಿನ ಡಬ್ಬಿ. ನಮ್ಮಲ್ಲಿ ಸೇರು ಇದ್ದ ಹಾಗೆ.

ನೈರೋಬಿ_ಅಕ್ಕ

ನಾನು ನೈರೋಬಿಯಲ್ಲಿ ಆಹಾರ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಗೋದಾಮಿನವರ ನೋವು ಅರ್ಥವಾಗುತ್ತದೆ. ಆದರೆ ಈ ವಿಷದ ಭಯವನ್ನು ನೆಪ ಅಂತ ಯಾರೂ ತಿಳಿಯಬಾರದು.

2004ರಲ್ಲಿ ಕೆನ್ಯಾದ ಪೂರ್ವ ಭಾಗದ ಮಕುವೇನಿ, ಕಿಟುಯಿ ಕಡೆ ಜನ ಕಾಮಾಲೆ ಬಂದು ಆಸ್ಪತ್ರೆ ಸೇರತೊಡಗಿದರು. 317 ಮಂದಿಗೆ ಕಾಯಿಲೆ. 125 ಮಂದಿ ಸತ್ತರು. ತಿಂದದ್ದು ಮೆಕ್ಕೆಜೋಳದ ಹಿಟ್ಟು. ಅದರಲ್ಲಿದ್ದದ್ದು ಅಫ್ಲಾಟಾಕ್ಸಿನ್, ಅಂದರೆ ಇದೇ ಬೂಷ್ಟಿನ ವಿಷ. ಬೇಯಿಸಿದರೆ ಹೋಗುವ ವಿಷ ಅಲ್ಲ ಇದು. ಸ್ವಲ್ಪಸ್ವಲ್ಪವೇ ಹೊಟ್ಟೆಗೆ ಹೋದರೆ ವರ್ಷಗಳ ಮೇಲೆ ಪಿತ್ತಜನಕಾಂಗದ ಕ್ಯಾನ್ಸರ್‌ಗೆ ದಾರಿ. ಕಣ್ಣಿಗೆ ಕಾಣೋದಿಲ್ಲ, ಎಷ್ಟೋ ಸಲ ವಾಸನೆಯೂ ಇರೋದಿಲ್ಲ.

ಪರೀಕ್ಷೆಯ ಕಷ್ಟವನ್ನೂ ಹೇಳಬೇಕು. ಚೀಲಕ್ಕೆ ಚೂಪು ತುದಿಯ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತೇವೆ. ಈ ವಿಷ ಇಡೀ ಲಾರಿಯಲ್ಲಿ ಒಂದೇ ಸಮ ಇರೋದಿಲ್ಲ. ಕೆಲವೇ ಕಾಳಿನಲ್ಲಿ ಗುಡ್ಡೆ ಕಟ್ಟಿಕೊಂಡಿರುತ್ತದೆ. ಕೊಳವೆ ಆ ಜಾಗಕ್ಕೆ ಹೋದರೆ ಇಡೀ ಲಾರಿ ಫೇಲು. ಹೋಗದಿದ್ದರೆ ಪಾಸು. ಅದಕ್ಕೇ ಒಂದು ಲಾರಿಯಲ್ಲಿ ಹತ್ತಾರು ಕಡೆ ಚುಚ್ಚಿ, ಎಲ್ಲ ಬೆರೆಸಿ, ಪುಡಿ ಮಾಡಿ, ಆಮೇಲೆ ಅದರಿಂದ ಸ್ವಲ್ಪ ತೆಗೆದು ನೋಡಬೇಕು. ಸಾಲುಗಟ್ಟಿ ನಿಂತ ಲಾರಿಗಳಿಗೆ ಇದನ್ನು ಗಡಿಯಲ್ಲಿ ಸರಿಯಾಗಿ ಮಾಡೋದು ಸುಲಭ ಅಲ್ಲ. ಅವಸರದಲ್ಲಿ ಮಾಡಿದರೆ ಸುಮ್ನೆ ಕಾಗದ ತುಂಬಿಸಿದ ಹಾಗೆ.

ದಾವಣಗೆರೆ_ರೈತ

125 ಜನ! ಆ ಕಾಳು ಉಗಾಂಡಾದ್ದಾ ಅಕ್ಕಾ?

ನೈರೋಬಿ_ಅಕ್ಕ

ಅಲ್ಲ. ಅದು ಅಲ್ಲಿಯವರೇ ಬೆಳೆದು, ಸರಿಯಾಗಿ ಒಣಗುವ ಮೊದಲೇ ಮನೆಯ ಕಣಜದಲ್ಲಿ ತುಂಬಿಟ್ಟ ಕಾಳು. ಸ್ಥಳೀಯ ಅಂಗಡಿಗಳಿಗೂ ಹೋಗಿತ್ತು. ಇದನ್ನು ನಾನು ಮೊದಲೇ ಬರೆಯಬೇಕಿತ್ತು. ವಿಷಕ್ಕೆ ದೇಶ ಇಲ್ಲ. ಕಾಳಿನ ತೇವ ಶೇ. 13.5ಕ್ಕಿಂತ ಕೆಳಗೆ ಇಳಿಯದೆ ಚೀಲಕ್ಕೆ ತುಂಬಿದರೆ ಯಾವ ದೇಶದ್ದಾದರೂ ಬೂಷ್ಟು ಹಿಡಿಯುತ್ತದೆ. ಪೂರ್ವ ಆಫ್ರಿಕಾ ಸಮುದಾಯ ಅಂದರೆ ಈ ಕಡೆಯ ದೇಶಗಳ ಒಕ್ಕೂಟ; ಅದರ ಎಲ್ಲ ದೇಶಕ್ಕೂ ಒಂದೇ ಮಾನದಂಡ ಇದೆ. ಕೆನ್ಯಾದ ಕಾಳಿಗೂ ಅದೇ, ಉಗಾಂಡಾದ ಕಾಳಿಗೂ ಅದೇ.

ಕಂಪಾಲಾ_ಗೋದಾಮು

ಅಕ್ಕಾ, ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಉಗಾಂಡಾದಲ್ಲಿ ಒಣಗಿಸುವುದರಲ್ಲಿ ತಪ್ಪಿದೆ. ಮೊದಲ ಬೆಳೆ ಕೊಯ್ಲಿಗೆ ಬರುವಾಗ ಹೊಲದಲ್ಲಿ ಇನ್ನೂ ಹಸಿ ಇರುತ್ತದೆ. ರೈತನಿಗೆ ಮಕ್ಕಳ ಸ್ಕೂಲ್ ಫೀಸ್ ಕಟ್ಟಬೇಕು, ದಲ್ಲಾಳಿ ಮನೆ ಬಾಗಿಲಲ್ಲಿ ದುಡ್ಡು ಹಿಡಿದು ನಿಂತಿರುತ್ತಾನೆ. ತೆನೆಯನ್ನು ಬರಿ ನೆಲದ ಮೇಲೆ ಹರಡಿ, ಕೋಲಿನಿಂದ ಬಡಿದು, ಅರ್ಧ ಒಣಗಿದ ಕಾಳನ್ನೇ ತೂಗಿ ಕೊಡುತ್ತಾನೆ. ನಾವು ಗೋದಾಮಿನಲ್ಲಿ ತೇವ ಅಳೆಯುವ ಮೀಟರ್ ಇಟ್ಟು 18, 19 ಬಂದ ಲೋಡನ್ನು ವಾಪಸ್ ಕಳಿಸಿದರೆ, ಅದೇ ಲೋಡು ಸಂಜೆ ಬೇರೆ ಗೋದಾಮಿನ ಬಾಗಿಲಲ್ಲಿ ನಿಂತಿರುತ್ತದೆ.

ನನ್ನ ತಕರಾರು ಪರೀಕ್ಷೆ ಬಗ್ಗೆ ಅಲ್ಲವೇ ಅಲ್ಲ. ಹಂಗಾಮು ಶುರುವಾಗುವ ಎರಡು ತಿಂಗಳು ಮೊದಲು "ಇಂಥ ತಾರೀಖಿನಿಂದ ಈ ಪ್ರಮಾಣಪತ್ರ ಇಲ್ಲದೆ ಬಿಡೋದಿಲ್ಲ" ಅಂತ ಹೇಳಿದ್ದರೆ, ಲಾರಿ ಹೊರಡುವ ಮುಂಚೆಯೇ ನಾವು ಕಾಳು ನೋಡುತ್ತಿದ್ದೆವು. ಕೆಟ್ಟದ್ದು ಇಲ್ಲೇ ಉಳಿಯುತ್ತಿತ್ತು. ಶುಕ್ರವಾರ ಪತ್ರ ಬರೆದು ಶನಿವಾರ ಗೇಟು ಹಾಕಿದರೆ ಒಳ್ಳೆ ಕಾಳು, ಕೆಟ್ಟ ಕಾಳು ಎರಡೂ ಒಂದೇ ಮಳೆಯಲ್ಲಿ ನೆನೆಯುತ್ತವೆ.

ಹಳೇ_ಮೇಷ್ಟ್ರು

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಪೂರ್ವ ಆಫ್ರಿಕಾ ನನಗೆ ಬಹಳ ಇಷ್ಟದ ವಿಷಯ. ಸ್ವಲ್ಪ ಹಿಂದಕ್ಕೆ ಹೋಗೋಣ.

ಈ ಎರಡು ದೇಶ ಬೇರೆ ಆದದ್ದೇ ಈಚೆಗೆ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ 1896ರಿಂದ 1901ರವರೆಗೆ ರೈಲು ದಾರಿ ಹಾಕಿದರು. ಓಡೋದು ಇವತ್ತಿನ ಕೆನ್ಯಾದಲ್ಲಿ, ಹೆಸರು ಮಾತ್ರ ಉಗಾಂಡಾ ರೈಲ್ವೆ! ಸುಮಾರು 32,000 ಭಾರತೀಯ ಕೂಲಿಗಳು, ಹೆಚ್ಚಿನವರು ಪಂಜಾಬಿನವರು, ಅದರಲ್ಲಿ ದುಡಿದರು. ಸುಮಾರು 2,500 ಜನ ಅಲ್ಲೇ ಪ್ರಾಣ ಬಿಟ್ಟರು. ಇವತ್ತು ಪಶ್ಚಿಮ ಕೆನ್ಯಾ ಅಂತ ಕರೆಯುವ ಭಾಗ 1902ರವರೆಗೆ ಉಗಾಂಡಾದ ಆಡಳಿತದಲ್ಲೇ ಇತ್ತು. ಬ್ರಿಟಿಷರು ಗೆರೆ ಸರಿಸಿದರು, ಅಷ್ಟೇ. ಗೆರೆಯ ಎರಡೂ ಬದಿಗೆ ಒಂದೇ ಮಾತು ಆಡುವ, ಒಬ್ಬರ ಮನೆಗೆ ಒಬ್ಬರು ಹೆಣ್ಣು ಕೊಟ್ಟು ತರುವ ಜನ ಉಳಿದರು. ಅವರ ನಡುವಿನ ಕೊಡುಕೊಳ್ಳುವಿಕೆ ಗೆರೆಗಿಂತ ಹಳೆಯದು.

1967ರಲ್ಲಿ ಕೆನ್ಯಾ, ಉಗಾಂಡಾ, ಟಾಂಜಾನಿಯಾ ಸೇರಿ ಪೂರ್ವ ಆಫ್ರಿಕಾ ಸಮುದಾಯ ಕಟ್ಟಿದವು. ರೈಲು, ಬಂದರು, ಅಂಚೆ, ವಿಮಾನ ಎಲ್ಲ ಜಂಟಿ. ಹತ್ತು ವರ್ಷಕ್ಕೆ, 1977ರಲ್ಲಿ, ಅದು ಒಡೆದುಹೋಯಿತು. ಕಾರಣ ಒಂದಲ್ಲ. ಲಾಭವೆಲ್ಲ ಕೆನ್ಯಾಕ್ಕೆ ಹೋಗುತ್ತದೆ ಅನ್ನುವ ಬೇಸರ ಉಳಿದವರಿಗಿತ್ತು. ಟಾಂಜಾನಿಯಾದ ನೈರೆರೆ, ಉಗಾಂಡಾದ ಇದಿ ಅಮೀನ್ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಡೆದ ಮನೆಯ ಆಸ್ತಿ ಪಾಲು ಇತ್ಯರ್ಥ ಆಗಲು 1984 ಬಂತು.

ಇದಕ್ಕೆ ಸೇರಿದ ಒಂದು ಪ್ರಸಂಗ. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟವು. ಲೋಕದಲ್ಲೆಲ್ಲ ಕಾಫಿ ಬೆಲೆ ಏರಿತು. ಉಗಾಂಡಾದಲ್ಲಿ ಕಾಫಿ ಬೇಕಾದಷ್ಟಿತ್ತು, ಆದರೆ ಅಮೀನ್ ಸರ್ಕಾರ ರೈತನಿಗೆ ಕೊಡುತ್ತಿದ್ದದ್ದು ಪುಡಿಗಾಸು. ಎಲ್ಗಾನ್ ಬೆಟ್ಟದ ಬುಡದಲ್ಲಿ, ಕೆನ್ಯಾ ಬದಿಯಲ್ಲಿ, ಚೆಪ್‌ಕುಬೆ ಅನ್ನುವ ಸಣ್ಣ ಸಂತೆ. ರಾತ್ರೋರಾತ್ರಿ ತಲೆ ಮೇಲೆ, ಕತ್ತೆ ಮೇಲೆ, ಸೈಕಲ್ ಮೇಲೆ ಉಗಾಂಡಾದ ಕಾಫಿ ಅಲ್ಲಿಗೆ ಹರಿಯಿತು. ವಾಪಸ್ ಹೋಗುವಾಗ ಸೋಪು, ಉಪ್ಪು. ಉಗಾಂಡಾದಲ್ಲಿ ಆಗ ಅವೇ ಸಿಗುತ್ತಿರಲಿಲ್ಲ. ಇದಕ್ಕೆ ಜನ ಕೊಟ್ಟ ಹೆಸರು ಮಗೆಂಡೊ, ಅಂದರೆ ಕಳ್ಳ ವ್ಯಾಪಾರ. ಕಾನೂನಿನ ಕಣ್ಣಿಗೆ ಅಪರಾಧ, ಸರಿ. ಆದರೆ ಆ ರೈತನ ಮನೆಯಲ್ಲಿ ಅವತ್ತು ಉಪ್ಪು ಬಂದದ್ದು ಅದರಿಂದಲೇ.

ಕಂಪಾಲಾ_ಗೋದಾಮು

ಮೇಷ್ಟ್ರೇ, ಚೆಪ್‌ಕುಬೆ ಹೆಸರು ಇಲ್ಲಿನ ಹಿರಿಯರ ಬಾಯಲ್ಲಿ ಕೇಳಿದ್ದೆ, ಕಥೆ ಗೊತ್ತಿರಲಿಲ್ಲ. ಬಹಳ ಧನ್ಯವಾದ.

ಮೊಂಬಾಸಾ_ಲಾರಿಲೆಕ್ಕ

ನಾನು ಮೊಂಬಾಸಾದಲ್ಲಿ ಕ್ಲಿಯರಿಂಗ್ ಕೆಲಸ ನೋಡಿಕೊಳ್ಳುತ್ತೇನೆ. ಮೂಲ ಕುಂದಾಪುರ. ಜೋಳದ ಮಾತು ನಡೆಯುತ್ತಿದೆ, ಎಣ್ಣೆಯ ಮಾತೂ ಬರಲಿ.

ಉಗಾಂಡಾಕ್ಕೆ ಕಡಲಿಲ್ಲ. ಕಡಲಿನಿಂದ ಬರುವ ಸಾಮಾನಿಗೆ ಮುಖ್ಯ ಬಾಗಿಲು ಮೊಂಬಾಸಾ. ಇಲ್ಲಿಂದ ಕಂಪಾಲಾಕ್ಕೆ ರಸ್ತೆಯಲ್ಲಿ ಸುಮಾರು 1,170 ಕಿಲೋಮೀಟರ್. ಮೊದಲೆಲ್ಲ ಒಂದು ಕಂಟೇನರ್ ಕಂಪಾಲಾ ಮುಟ್ಟಲು 18 ದಿನ ಹಿಡಿಯುತ್ತಿತ್ತು ಅಂತ ನಮ್ಮ ಹಳಬರು ಹೇಳುತ್ತಾರೆ. ಇಲ್ಲಿ ಒಂದು ತಪಾಸಣೆ, ದಾರಿಯಲ್ಲಿ ಇನ್ನೊಂದು, ಗಡಿಯ ಈ ಬದಿ, ಆ ಬದಿ. 2014ರಿಂದ ಪದ್ಧತಿ ಬದಲಾಯಿತು. ಉಗಾಂಡಾದ ತೆರಿಗೆ ಅಧಿಕಾರಿಗಳು ಮೊಂಬಾಸಾದಲ್ಲೇ ಕೂತಿರುತ್ತಾರೆ. ಸುಂಕ ಇಲ್ಲೇ ಲೆಕ್ಕ ಹಾಕಿ ಕಟ್ಟಿಸಿಕೊಳ್ಳುತ್ತಾರೆ. ಕಂಟೇನರ್‌ಗೆ ಎಲೆಕ್ಟ್ರಾನಿಕ್ ಸೀಲು ಬೀಳುತ್ತದೆ. ಲಾರಿ ಎಲ್ಲಿದೆ ಅಂತ ಆಫೀಸಿನಲ್ಲಿ ಕೂತು ನೋಡಬಹುದು. ಈಗ ನಾಲ್ಕೈದು ದಿನದ ಕೆಲಸ. ನನ್ನ ಮಟ್ಟಿಗೆ ಈ ಎರಡು ದೇಶ ಸೇರಿ ಮಾಡಿದ ಅತಿ ಒಳ್ಳೆಯ ಕೆಲಸ ಇದು.

ಎಣ್ಣೆಯ ಜಗಳ ಬೇರೆ. ಉಗಾಂಡಾಕ್ಕೆ ಬರುವ ಪೆಟ್ರೋಲ್, ಡೀಸೆಲ್‌ನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಕೆನ್ಯಾ ಮೂಲಕವೇ. ಮೊಂಬಾಸಾದಲ್ಲಿ ಹಡಗಿನಿಂದ ಇಳಿದು ಪೈಪ್‌ಲೈನಿನಲ್ಲಿ ಎಲ್ಡೊರೆಟ್, ಕಿಸುಮುವರೆಗೆ ಹೋಗುತ್ತದೆ. ಅಲ್ಲಿಂದ ಟ್ಯಾಂಕರ್. 2023ರಲ್ಲಿ ಡಾಲರ್ ಸಿಗದೆ ಕೆನ್ಯಾ ಒದ್ದಾಡಿತು. ಕೊಲ್ಲಿಯ ಸರ್ಕಾರಿ ಕಂಪನಿಗಳಿಂದ ಆರು ತಿಂಗಳ ಸಾಲದ ಮೇಲೆ ಎಣ್ಣೆ ತರಿಸುವ ಒಪ್ಪಂದ ಮಾಡಿಕೊಂಡಿತು. ಉಗಾಂಡಾದ ಎಣ್ಣೆಯೂ ಅದರಲ್ಲೇ ಬರಬೇಕಾಯಿತು. ನಡುವಿನವರಿಂದಾಗಿ ನಮಗೆ ದುಬಾರಿ ಬೀಳುತ್ತಿದೆ ಅಂತ ಉಗಾಂಡಾ ಹೇಳಿತು. ನಮ್ಮ ರಾಷ್ಟ್ರೀಯ ಎಣ್ಣೆ ಕಂಪನಿಯೇ ನೇರ ತರಿಸುತ್ತದೆ ಅಂತ ಕಾನೂನು ತಂದಿತು. ಕೆನ್ಯಾ ಲೈಸೆನ್ಸ್ ಕೊಡಲಿಲ್ಲ. 2023ರ ಡಿಸೆಂಬರ್‌ನಲ್ಲಿ ಉಗಾಂಡಾ ಪೂರ್ವ ಆಫ್ರಿಕಾ ನ್ಯಾಯಾಲಯಕ್ಕೆ ಹೋಯಿತು. ಆಮೇಲೆ ಇಬ್ಬರು ಅಧ್ಯಕ್ಷರು ಕೂತು ಮಾತಾಡಿದರು. 2024ರ ಜುಲೈಯಲ್ಲಿ ಉಗಾಂಡಾ ಕಂಪನಿಯ ಮೊದಲ ಹಡಗು ಬಂತು. ಆದರೆ ಬಂದದ್ದು ಮೊಂಬಾಸಾಕ್ಕೇ, ಹರಿದದ್ದು ಅದೇ ಪೈಪಿನಲ್ಲಿ.

ದಾವಣಗೆರೆ_ರೈತ

ಇಷ್ಟು ಜಗಳ ಇದ್ದರೆ ಟಾಂಜಾನಿಯಾ ಕಡೆಯಿಂದ ತರಿಸಬಹುದಲ್ವಾ?

ಮೊಂಬಾಸಾ_ಲಾರಿಲೆಕ್ಕ

ತರಿಸುತ್ತಾರೆ, ಸ್ವಲ್ಪ. ದಾರ್ ಎಸ್ ಸಲಾಮ್‌ನಿಂದ ಕಂಪಾಲಾಕ್ಕೆ ಇನ್ನೂ ಕೆಲವು ನೂರು ಕಿಲೋಮೀಟರ್ ಜಾಸ್ತಿ. ಬಾಡಿಗೆ ಅಲ್ಲೇ ಹೋಗುತ್ತದೆ. ಆದರೂ ಎರಡನೇ ಬಾಗಿಲು ಬೇಕು ಅಂತ ಉಗಾಂಡಾದವರಿಗೆ 2008ರಲ್ಲೇ ಅನ್ನಿಸಿತ್ತು. ಕೆನ್ಯಾದಲ್ಲಿ ಚುನಾವಣೆ ಆದ ಮೇಲೆ ಗಲಭೆ ಆಯಿತು. ನೈರೋಬಿಯ ಕಿಬೇರಾದಲ್ಲಿ ರೈಲು ಹಳಿ ಕಿತ್ತುಹಾಕಿದರು. ಇತ್ತ ಕಂಪಾಲಾದಲ್ಲಿ ಪೆಟ್ರೋಲ್ ಇಲ್ಲ, ಸಿಕ್ಕರೆ ಎರಡರಷ್ಟು ಬೆಲೆ. ಅಲ್ಲಿ ಮತ ಹಾಕಿದ್ದು ಬೇರೆಯವರು, ಇಲ್ಲಿ ಬೈಕ್ ನಿಂತದ್ದು ಇವರದು.

ನೈರೋಬಿ_ಅಕ್ಕ

ಕೆನ್ಯಾದ ರೈತರ ಕಡೆಯಿಂದಲೂ ಒಂದು ಮಾತು. ಕಿಟಾಲೆ ಕಡೆ ನನಗೆ ಪರಿಚಯದ ರೈತ ಕುಟುಂಬ ಇದೆ. ಅವರಿಗೆ ಗೊಬ್ಬರ, ಬೀಜ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಉಗಾಂಡಾಗಿಂತ ದುಬಾರಿ. ಕೊಯ್ಲಿನ ಹೊತ್ತಿಗೆ ಗಡಿಯಿಂದ ಅಗ್ಗದ ಕಾಳು ಬಂದರೆ 90 ಕೆಜಿ ಚೀಲದ ಬೆಲೆ ಕುಸಿಯುತ್ತದೆ. ಹಾಲಿಗೂ ಇದೇ ಕಥೆ. ಉಗಾಂಡಾದ ನೈರುತ್ಯದಲ್ಲಿ, ಎಂಬರಾರಾ ಕಡೆ, ಹುಲ್ಲು ಚೆನ್ನಾಗಿದೆ, ಹಾಲು ಅಗ್ಗ. 2023ರ ಮಾರ್ಚ್‌ನಲ್ಲಿ ಕೆನ್ಯಾ ಹಾಲಿನ ಪುಡಿ ಆಮದನ್ನು ನಿಲ್ಲಿಸಿದ್ದು ಅದಕ್ಕೇ. ಅವರ ಸಂಕಟ ಸುಳ್ಳಲ್ಲ. ಆದರೆ ಅದನ್ನು ನೇರವಾಗಿ ಹೇಳಬೇಕು. ಬೆಲೆಯ ಚಿಂತೆಗೆ ವಿಷದ ಹೆಸರು ಹಾಕಿದರೆ, ನಿಜವಾಗಿ ವಿಷ ಬಂದ ದಿನ ನಮ್ಮ ವರದಿಯನ್ನು ಯಾರೂ ನಂಬೋದಿಲ್ಲ. ನನಗೆ ಹೆದರಿಕೆ ಇರೋದು ಅದರದ್ದೇ.

ಹಳೇ_ಮೇಷ್ಟ್ರು

ತಾಯಿ, ಬಹಳ ಮುಖ್ಯವಾದ ಮಾತು. ಇದಕ್ಕೆ ಒಂದು ಒಳ್ಳೆಯ ಉದಾಹರಣೆಯೂ ಇದೆ. ಸಮುದಾಯ 1999ರ ಒಪ್ಪಂದದಿಂದ ಮತ್ತೆ ಹುಟ್ಟಿ, 2005ರಲ್ಲಿ ಸುಂಕದ ಒಕ್ಕೂಟ ಶುರುವಾದಾಗ, ಉಗಾಂಡಾದ ಸಾಮಾನು ಕೆನ್ಯಾಕ್ಕೆ ಮೊದಲ ದಿನದಿಂದಲೇ ಸುಂಕವಿಲ್ಲದೆ ಹೋಯಿತು. ಕೆನ್ಯಾದ ಕೆಲವು ಸಾಮಾನಿಗೆ ಉಗಾಂಡಾದಲ್ಲಿ ಐದು ವರ್ಷ ಸುಂಕ ಇತ್ತು, ವರ್ಷವರ್ಷ ಇಳಿಸುತ್ತಾ 2010ಕ್ಕೆ ಸೊನ್ನೆ ಮಾಡಿದರು. ಬಲ ಜಾಸ್ತಿ ಇದ್ದವನು ಸ್ವಲ್ಪ ಕಾಯಬೇಕು ಅಂತ ಬಾಯಿಬಿಟ್ಟು ಹೇಳಿ, ತಾರೀಖು ಹಾಕಿ, ಬರೆದುಕೊಂಡಿದ್ದರು. 1977ರ ಗಾಯದಿಂದ ಕಲಿತ ಪಾಠ ಅದು. ಹಾಗೆಯೇ ಹಾಲಿಗೂ ಜೋಳಕ್ಕೂ ಕೂತು ಬರೆದುಕೊಳ್ಳಬಹುದು.

ಕಂಪಾಲಾ_ಗೋದಾಮು

ಇಲ್ಲಿಯವರೆಗೆ ಲಾರಿ, ಹಡಗು, ಅಧ್ಯಕ್ಷರ ಮಾತಾಯಿತು. ಬುಸಿಯಾದ ಮಾತು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ.

ಬುಸಿಯಾ ಅಂದರೆ ಒಂದೇ ಹೆಸರಿನ ಊರು, ಅರ್ಧ ಕೆನ್ಯಾದಲ್ಲಿ, ಅರ್ಧ ಉಗಾಂಡಾದಲ್ಲಿ. ಬೋಡಾ ಬೋಡಾ ಅನ್ನುವ ಹೆಸರು ಹುಟ್ಟಿದ್ದೇ ಅಲ್ಲಿ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಜನರನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಹೋಗುವವರು "ಬಾರ್ಡರ್, ಬಾರ್ಡರ್" ಅಂತ ಕೂಗುತ್ತಿದ್ದರು. ಅದೇ ಬೋಡಾ ಬೋಡಾ ಆಯಿತು. ಇವತ್ತು ಬಾಡಿಗೆ ಬೈಕಿಗೆ ಪೂರ್ವ ಆಫ್ರಿಕಾದಲ್ಲೆಲ್ಲ ಅದೇ ಹೆಸರು.

2018ರಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂರುವ ಹೊಸ ಗಡಿ ಕಚೇರಿ ಅಲ್ಲಿ ಉದ್ಘಾಟನೆ ಆಯಿತು. ದೊಡ್ಡ ಲಾರಿಗಳಿಗೆ ಒಳ್ಳೆ ಅನುಕೂಲ. ಸಣ್ಣವರಿಗೂ ಒಂದು ದಾರಿ ಮಾಡಿದ್ದಾರೆ. ಸಾಮಾನು 2,000 ಡಾಲರ್‌ಗಿಂತ ಕಡಿಮೆ ಬೆಲೆಯದ್ದಾಗಿ, ಪಟ್ಟಿಯಲ್ಲಿ ಇರುವಂಥದ್ದಾಗಿ, ಸಮುದಾಯದ ದೇಶದಲ್ಲೇ ಬೆಳೆದದ್ದಾದರೆ, ಗಡಿಯಲ್ಲೇ ಒಂದು ಸರಳ ಪ್ರಮಾಣಪತ್ರ ಬರೆಸಿಕೊಂಡು ಸುಂಕವಿಲ್ಲದೆ ದಾಟಬಹುದು. ಏಜೆಂಟ್ ಬೇಕಿಲ್ಲ.

ಅಲ್ಲಿ ಬೀನ್ಸ್ ಕಾಳು ಮಾರುವ ಒಬ್ಬ ಹೆಂಗಸು ನಮ್ಮ ಗೋದಾಮಿಗೆ ಹಳೇ ಪರಿಚಯ. ವಾರಕ್ಕೆರಡು ಸಲ ನಾಲ್ಕು ಚೀಲ ಕಾಳು ಕೆನ್ಯಾ ಬದಿಯ ಸಂತೆಗೆ ಒಯ್ಯುತ್ತಾಳೆ. ಒಂದು ದಿನ ಅವಳ ಜೊತೆ ಗೇಟಿನವರೆಗೆ ನಡೆದೆ. ಮೂರು ಚಕ್ರದ ಗಾಡಿಯಲ್ಲಿ, ಕಾಲಿಲ್ಲದ ಒಬ್ಬ ಗಟ್ಟಿ ಮನುಷ್ಯ, ಅವಳ ಚೀಲಗಳನ್ನು ಹಿಂದೆ ಕಟ್ಟಿಕೊಂಡು ಕೈಯಿಂದ ಪೆಡಲ್ ತಿರುಗಿಸುತ್ತಿದ್ದ. ಬುಸಿಯಾದಲ್ಲಿ ಹೀಗೆ ಸಾಮಾನು ದಾಟಿಸಿ ಬದುಕುವ ಅಂಗವಿಕಲರು ಬಹಳ ಮಂದಿ. ಅವಳು ಸೀರೆಯ ಸೆರಗಿನಂತೆ ಹೊದ್ದ ಬಟ್ಟೆಯ ಗಂಟಿನಿಂದ ಆ ಪ್ರಮಾಣಪತ್ರ ತೆಗೆದಳು. ಎಂಟು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ಅಧಿಕಾರಿ ನೋಡಿದ, ಸೀಲು ಒತ್ತಿದ, ಬಿಟ್ಟ. ಆ ಬದಿಯಲ್ಲಿ ಕೆನ್ಯಾ ಶಿಲಿಂಗ್ ಎಣಿಸಿಕೊಂಡು, ವಾಪಸ್ ಬರುವಾಗ ರಸ್ತೆ ಬದಿಯ ಹಣ ಬದಲಿಸುವವನ ಹತ್ತಿರ ಒಂದಕ್ಕೆ ಸುಮಾರು 28ರಂತೆ ಉಗಾಂಡಾ ಶಿಲಿಂಗ್ ಮಾಡಿಸಿಕೊಂಡಳು. ಎಣಿಸಿದಳು, ಮತ್ತೊಮ್ಮೆ ಎಣಿಸಿದಳು, ಗಂಟಿಗೆ ಹಾಕಿದಳು.

ಈ ಕಾಗದ ಬರುವ ಮೊದಲು ಅವಳು ಹೋಗುತ್ತಿದ್ದದ್ದು ಪಾನ್ಯಾ ದಾರಿಯಲ್ಲಿ. ಪಾನ್ಯಾ ಅಂದರೆ ಸ್ವಾಹಿಲಿಯಲ್ಲಿ ಇಲಿ. ಮನೆಗಳ ಸಂದಿ, ಹೊಲದ ಬದು, ಕತ್ತಲು. "ಅಲ್ಲಿ ಸಿಕ್ಕಿಬಿದ್ದರೆ ಕಾಳು ಹೋಗುತ್ತೆ, ಬೇರೆ ಏನೇನೋ ಕೇಳ್ತಾರೆ" ಅಂದಳು. ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಾವಣಗೆರೆ_ರೈತ

2021ರಲ್ಲಿ ನಿಷೇಧ ಬಂದಾಗ ಅವರೆಲ್ಲ ಏನು ಮಾಡಿದರು ಅಣ್ಣಾ?

ಕಂಪಾಲಾ_ಗೋದಾಮು

ನಿಷೇಧ ಇದ್ದದ್ದು ಮೆಕ್ಕೆಜೋಳಕ್ಕೆ, ಅವಳದು ಬೀನ್ಸ್. ಆದರೂ ಪಕ್ಕದ ಮೆಕ್ಕೆಜೋಳದ ಹೆಂಗಸರು ಅದೇ ವಾರ ಪಾನ್ಯಾ ದಾರಿಗೆ ಮರಳಿದರು ಅಂತ ಅವಳೇ ಹೇಳಿದಳು. ಅಂದರೆ ಕಾಳು ಕೆನ್ಯಾಕ್ಕೆ ಹೋಗೋದು ನಿಲ್ಲಲಿಲ್ಲ. ಪರೀಕ್ಷೆ ಆಗೋದು ಮಾತ್ರ ನಿಂತಿತು.

ನೈರೋಬಿ_ಅಕ್ಕ

ಇದನ್ನು ನಾನು ನಮ್ಮ ಕಚೇರಿಯಲ್ಲಿ ಹೇಳುತ್ತೇನೆ. ಒಂದು ಕೇಳಬೇಕಿತ್ತು. ನಿಮ್ಮ ಗೋದಾಮಿನಲ್ಲಿ ಲಾರಿ ಹೊರಡುವ ಮುಂಚೆ ಈಗ ಅಫ್ಲಾಟಾಕ್ಸಿನ್ ನೋಡುತ್ತೀರಾ, ಅಥವಾ ಬರೀ ತೇವವಾ?

ಕಂಪಾಲಾ_ಗೋದಾಮು

ಎರಡೂ ಅಕ್ಕಾ. ಆ ವರ್ಷದ ನಂತರ ಶುರು ಮಾಡಿದೆವು. ಪಟ್ಟಿ ಅದ್ದಿ ನೋಡುವ ಕಿಟ್ ತರಿಸಿದ್ದೇವೆ, ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ನೀವು ಹೇಳಿದ ಹಾಗೆ ಹತ್ತಾರು ಕಡೆ ಚುಚ್ಚಿ ಬೆರೆಸೋದನ್ನು ಸರಿಯಾಗಿ ಮಾಡುತ್ತಿಲ್ಲ ಅಂತ ನಿಮ್ಮ ಬರಹ ಓದಿದ ಮೇಲೆ ತಿಳಿಯಿತು. ನಮ್ಮ ಹುಡುಗರು ಮೇಲಿನ ಸಾಲಿನ ಐದಾರು ಚೀಲಕ್ಕಷ್ಟೇ ಕೊಳವೆ ಹಾಕುತ್ತಾರೆ. ಸೋಮವಾರ ಎರಡು ಲಾರಿ ಲೋಡ್ ಆಗಬೇಕು. ಒಂದು ಲಾರಿಗೆ ಎಷ್ಟು ಚೀಲ, ಎಲ್ಲೆಲ್ಲಿ ಚುಚ್ಚಬೇಕು ಅಂತ ಸ್ವಲ್ಪ ಬರೆದು ಕಳಿಸುತ್ತೀರಾ? ಲೋಡ್ ಮಾಡುವ ಮೊದಲೇ, ಚೀಲ ಕೆಳಗಿರುವಾಗಲೇ ಮಾಡಿಸುತ್ತೇನೆ.